ರಾಣಿಯ ಮೀಸೆ

"ಮೀಸಿ ಇಡ್ಲಾ ಸಾಮಿ, ತೆಗೀಲಾ?"

ಕೌಲ್ ಬಜಾರಿನ ಕ್ಷೌರದಂಗಡಿಯಲ್ಲಿ ಈ ಪ್ರಶ್ನೆ ದಿನಕ್ಕೆ ಇಪ್ಪತ್ತು ಸಲ ಹುಟ್ಟುತ್ತದೆ, ಇಪ್ಪತ್ತು ಸಲ "ಹೂಂ" ಅನ್ನುವುದರಲ್ಲೋ "ಊಹೂಂ" ಅನ್ನುವುದರಲ್ಲೋ ಮುಗಿದುಹೋಗುತ್ತದೆ. ನಾನೊಬ್ಬ ಮಾತ್ರ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು, ಕೆನ್ನೆಯ ತುಂಬ ಸೋಪಿನ ನೊರೆ ಹೊತ್ತು, ಉತ್ತರ ಕೊಡದೆ ಕೂತಿದ್ದೇನೆ. ವೆಂಕಟಸಾಮಿ ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆಯುತ್ತ ಕಾಯುತ್ತಿದ್ದಾನೆ. ಬಳ್ಳಾರಿ ಯಾವ ಸೀಮೆಗೆ ಸೇರಬೇಕು ಅಂತ ದೊಡ್ಡವರೆಲ್ಲ ಜಗಳಾಡುತ್ತಿರುವ ದಿನಗಳು ಇವು. ಅಂಗಡಿಯಲ್ಲಿ ಕಾಯುತ್ತ ಕೂತವರು ಅದರ ಬಗ್ಗೆಯೇ ಮಾತಾಡುತ್ತಿದ್ದಾರೆ. ನನ್ನ ಮೂಗಿನ ಕೆಳಗಿನ ಎರಡಂಗುಲ ಜಾಗ ಯಾರಿಗೆ ಸೇರಬೇಕು ಅನ್ನುವ ಚಿಂತೆ ಅವರಿಗೆ ಯಾಕಿರುತ್ತದೆ!

ನಿಜ ಹೇಳಬೇಕೆಂದರೆ, ಇಡುವುದಕ್ಕಾಗಲಿ ತೆಗೆಯುವುದಕ್ಕಾಗಲಿ ಅಲ್ಲಿ ಹೆಚ್ಚೇನೂ ಇಲ್ಲ. ವೆಂಕಟಸಾಮಿ ಪ್ರತಿ ಸಲವೂ ನನ್ನ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಇದೆಯೋ ಇಲ್ಲವೋ ಅಂತ ಖಾತ್ರಿ ಮಾಡಿಕೊಂಡೇ ಈ ಪ್ರಶ್ನೆ ಕೇಳುವುದು. ಇಪ್ಪತ್ತೆರಡು ತುಂಬಿದೆ, ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ, ಹೆಣ್ಣು ಕೊಡಬಹುದೇನೋ ಅಂತ ಒಂದಿಬ್ಬರು ಬಂದು ನೋಡಿಕೊಂಡೂ ಹೋಗಿದ್ದಾರೆ. ಮೀಸೆಗೆ ಮಾತ್ರ ಈ ಸುದ್ದಿಯೊಂದೂ ಮುಟ್ಟಿಲ್ಲ. ಎಡಗಡೆ ಹನ್ನೊಂದು, ಬಲಗಡೆ ಒಂಬತ್ತು. ಎಣಿಸಿದ್ದು ನಾನಲ್ಲ, ನನ್ನ ತಂಗಿ.

ದೇವರು ನನಗೆ ಮೀಸೆ ಕೊಡುವ ಬದಲು ಬೇರೆಯವರ ನಡಿಗೆ ಕೊಟ್ಟಿದ್ದಾನೆ. ನಮ್ಮ ಹೆಡ್ ಗುಮಾಸ್ತರು ಹೊಟ್ಟೆಯಲ್ಲಿ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು, ಅದು ಚೆಲ್ಲದ ಹಾಗೆ ನಡೆಯುತ್ತಾರೆ. ಅಮ್ಮ ಬಯ್ಯಲು ಬರುವಾಗ ಮೊದಲು ಬೆರಳು ಬರುತ್ತದೆ, ಆಮೇಲೆ ಮೊಣಕೈ, ಕೊನೆಗೆ ಅಮ್ಮ. ಗರಡಿಮನೆಯ ಪೈಲವಾನರ ಎರಡೂ ಕಂಕುಳಲ್ಲಿ ಕಾಣದ ಕುಂಬಳಕಾಯಿ ಇರುತ್ತದೆ. ಇವರನ್ನೆಲ್ಲ ನಾನು ಹತ್ತು ಹೆಜ್ಜೆಯಲ್ಲಿ ಮಾಡಿ ತೋರಿಸಬಲ್ಲೆ. ನನ್ನದೇ ನಡಿಗೆ ಹೇಗಿದೆ ಅಂತ ಮಾತ್ರ ಕೇಳಬೇಡಿ. ಊರವರದೆಲ್ಲ ಮುಗಿದು ಅದಕ್ಕಿನ್ನೂ ಸರದಿ ಬಂದಿಲ್ಲ.

ಆದರೆ ಒಂದು ನಡಿಗೆ ಉಂಟು. ಅದನ್ನು ನಾನು ಒಮ್ಮೆ ಮಾಡಿದೆ, ಮಾಡಬಾರದಾಗಿತ್ತು. ಮೀಸೆಯ ಪ್ರಶ್ನೆ ಬಂದಾಗೆಲ್ಲ ನನ್ನ ಕಾಲುಗಳಿಗೆ ಅದು ನೆನಪಾಗುತ್ತದೆ.

ಅದು ನನ್ನ ಸೋದರಮಾವ ತಿಮ್ಮಣ್ಣನ ನಡಿಗೆ.

ತಿಮ್ಮಣ್ಣ ಮಾಮ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ. ಪಲ್ಲದ ಚೀಲವನ್ನು, ಅಂದರೆ ನೂರು ಸೇರಿನದನ್ನು, ಬೆನ್ನಿಗೆ ಎಳೆದುಕೊಂಡು, ಬಾಯಲ್ಲಿ ಎಲೆಅಡಿಕೆ ಜಗಿಯುತ್ತಲೇ, ಹಲಗೆಯ ಮೇಲೆ ಹತ್ತಿ ಲಾರಿಗೆ ಒಗೆಯುವ ಆಳು. ಅವನ ಮೀಸೆ ಕಿವಿಯ ಕಡೆಗೆ ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಮೇಲಕ್ಕೆ ತಿರುಗಿತ್ತು. ನಾನು ಚಿಕ್ಕವನಿದ್ದಾಗ ಅದರ ಒಂದು ತುದಿ ಹಿಡಿದುಕೊಂಡೇ ಅವನ ಹೆಗಲ ಮೇಲೆ ಕೂರುತ್ತಿದ್ದೆ. ಎಡಕ್ಕೆ ಎಳೆದರೆ ಎಡಕ್ಕೆ ಹೋಗುತ್ತಿದ್ದ, ಬಲಕ್ಕೆ ಎಳೆದರೆ ಬಲಕ್ಕೆ.

ಗಿರಣಿಯಲ್ಲಿ ಚೀಲದ ಕೆಲಸ ಇಲ್ಲದಾಗ ಅವನನ್ನು ನೆಲ್ಲು ತಿರುವಲು ಹಾಕುತ್ತಿದ್ದರು. ಕುದಿಸಿದ ನೆಲ್ಲನ್ನು ಗಚ್ಚಿನ ಕಣದ ತುಂಬ ಹರಡಿರುತ್ತಾರೆ, ನೀವು ನೋಡಿರಬೇಕು. ಮೇಲಿನದು ಒಣಗಿ ಅಡಿಯದು ಹಸಿಯಾಗಿ ಉಳಿಯಬಾರದಲ್ಲ, ಅದಕ್ಕೆ ಹೆಂಗಸರು ಸಾಲಾಗಿ ನಿಂತು, ಪಾದ ಎತ್ತದೆ, ನೆಲ್ಲಿನೊಳಗೇ ಎಳೆಯುತ್ತ ಕಣದ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಹಿಂದೆ ಜೋಡಿ ಗೆರೆಗಳು ಬೀಳುತ್ತ ಹೋಗುತ್ತವೆ, ಹೊಲದಲ್ಲಿ ಕೂರಿಗೆ ಹೊಡೆದ ಹಾಗೆ. ತುದಿ ಮುಟ್ಟಿದ ಮೇಲೆ ತಿರುಗಿ ಮತ್ತೆ ಇತ್ತ. ದಿನವಿಡೀ ಹೀಗೇ. ಆ ಹೆಂಗಸರ ಸಾಲಿನ ಕೊನೆಗೆ ಈ ಮೀಸೆಯ ಮನುಷ್ಯ. ಎಲ್ಲರ ಗೆರೆಯೂ ತುದಿಯಲ್ಲಿ ಮೂಲೆಯಾಗಿ ಮುರಿದರೆ ಮಾಮನದು ಮಾತ್ರ ಅರ್ಧಚಂದ್ರದ ಹಾಗೆ ದುಂಡಗೆ ತಿರುಗುತ್ತಿತ್ತು. ಯಾರ ಗೆರೆ ಯಾವುದು ಅಂತ ಗೋಡೆಯ ಮೇಲೆ ಕೂತ ನಾನು ಹೇಳಬಲ್ಲವನಾಗಿದ್ದೆ.

ಅಮಾಸೆಗೆ ಗಿರಣಿ ಬಂದ್. ಅವತ್ತು ಹಮಾಲಿಗಳೆಲ್ಲ ಉಗ್ರಾಣದ ನೆರಳಲ್ಲಿ ಬಯಲಾಟದ ತಾಲೀಮು ನಡೆಸುತ್ತಿದ್ದರು. ಆಟ ಯಾವುದೇ ಇರಲಿ, ಅದರಲ್ಲಿ ಒಬ್ಬ ರಾಜ, ಒಬ್ಬ ರಕ್ಕಸ, ಒಬ್ಬಳು ರಾಣಿ. ರಾಜನಾಗಲು ಒಂಬತ್ತು ಜನ ತಯಾರು, ರಕ್ಕಸನಾಗಲು ಹನ್ನೆರಡು ಜನ. ರಾಣಿ ಅಂದ ಕೂಡಲೇ ಎಲ್ಲರಿಗೂ ಬೀಡಿ ಸೇದುವುದು ನೆನಪಾಗುತ್ತಿತ್ತು. ರಾಜನೂ ಗೆಜ್ಜೆ ಕಟ್ಟುತ್ತಾನೆ, ಮುಖಕ್ಕೆ ಅರದಾಳ ಬಳಿಯುತ್ತಾನೆ, ಎದೆಯ ತುಂಬ ಮಣಿಸರ ಹಾಕಿಕೊಂಡು ಗಿರಿಗಿರಿ ತಿರುಗುತ್ತಾನೆ. ಅದು ಗಂಡಸ್ತನ. ಮೊಹರಮ್ಮಿನ ಪೀರಲ ಹಬ್ಬದಲ್ಲಿ ಊರ ಗಂಡಸರೆಲ್ಲ ಕಾಲಿಗೆ ಗೆಜ್ಜೆ ಕಟ್ಟಿ ಹೆಜ್ಜೆ ಹಾಕುತ್ತಾರೆ. ಅದೂ ಗಂಡಸ್ತನ. ಅದೇ ಗೆಜ್ಜೆ ಸೀರೆಯ ಅಂಚಿನ ಕೆಳಗೆ ಬಂದರೆ ಮಾತ್ರ ಏನಾಗಿಬಿಡುತ್ತದೋ, ನನಗಂತೂ ಯಾರೂ ಬಿಡಿಸಿ ಹೇಳಿಲ್ಲ.

ಆಟದ ಮಾಸ್ತರರು ಒಂದು ಅಮಾಸೆಯ ದಿನ ಬಂದು, ಕಣದಲ್ಲಿ ಒಣಗಿ ನಿಂತಿದ್ದ ಆ ದುಂಡು ಗೆರೆಗಳನ್ನು ನೋಡಿ, "ಈ ಕಾಲು ಯಾರವು?" ಅಂದರು. ಎಲ್ಲರೂ ಮಾಮನನ್ನು ತೋರಿಸಿದರು.

"ನೀನಪಾ ನನ್ನ ರಾಣಿ."

ಮಾಮ ನಾಚಿಕೊಂಡ. ಆದರೆ ಒಲ್ಲೆ ಅನ್ನಲಿಲ್ಲ. ಮುಂದಿನ ಮೂರು ಅಮಾಸೆ ತಾಲೀಮು ನಡೆಯಿತು. ಮೀಸೆಯ ರಾಣಿ ಸೆರಗು ಹೊದ್ದು ಬಂದರೆ ಮದ್ದಳೆಯವನಿಗೆ ನಗು ತಡೆಯದೆ ತಾಳ ತಪ್ಪುತ್ತಿತ್ತು. "ಸೆರಗು ಹಲ್ಲಾಗ ಕಚ್ಚಿ ಹಿಡೀಪಾ, ಮೀಸಿ ಮರೆ ಆಗ್ತೈತಿ" ಅಂದರು ಮಾಸ್ತರರು. ಕಚ್ಚಿ ಹಿಡಿದರೆ ಹಾಡು ಹೊರಗೆ ಬರಲಿಲ್ಲ. ಮೀಸೆ ತೆಗೆಯದೆ ಬೇರೆ ದಾರಿಯಿರಲಿಲ್ಲ.

ಇಲ್ಲಿ ಒಂದು ಮಾತು. ಬಳ್ಳಾರಿಯ ಕಾಲೇಜು ಹುಡುಗರು ಈಗ ಸಿನಿಮಾ ನೋಡಿ ಬಂದು, ಅಪ್ಪ ಇರುವಾಗಲೇ ನುಣ್ಣಗೆ ಬೋಳಿಸಿಕೊಂಡು ಓಡಾಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ನಮ್ಮ ತಾತನ, ಅಂದರೆ ಮಾಮನ ಅಪ್ಪನ, ಕಡೆಯವರಲ್ಲಿ ಹಾಗಲ್ಲ. ಗಂಡಸಿನ ಮೀಸೆ ಹೋಗುವುದು ಜೀವಮಾನದಲ್ಲಿ ಒಂದೇ ಸಲ, ಅವನ ಅಪ್ಪ ಸತ್ತಾಗ. ಮೀಸೆ ಇಲ್ಲದ ಮುಖ ಅಂದರೆ ಅದು ಬರೀ ಮುಖವಲ್ಲ, ಸುದ್ದಿ.

ನಮ್ಮ ತಾತನೋ ಕುರುಗೋಡಿನಲ್ಲಿ ಗಟ್ಟಿಮುಟ್ಟಾಗಿ ಇದ್ದ. ಮಾಮ ಒಂದು ಉಪಾಯ ಮಾಡಿದ. ಗೆಜ್ಜೆ, ಅರದಾಳ ಕೊಳ್ಳಲು ಬಳ್ಳಾರಿಗೆ ಬಂದವನು, ಇದೇ ಅಂಗಡಿಯಲ್ಲಿ, ಆಗ ವೆಂಕಟಸಾಮಿಯ ಅಪ್ಪ ಇದ್ದ, ಮೀಸೆ ತೆಗೆಸಿದ. ನಾನು ಆಗ ಹೈಸ್ಕೂಲಿನಲ್ಲಿದ್ದೆ, ಬೇಸಿಗೆ ರಜೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಕತ್ತಿ ಎರಡು ಸಲ ಎಳೆದಿದ್ದಷ್ಟೇ. ನನ್ನ ಮಾಮನ ಜಾಗದಲ್ಲಿ ಯಾರೋ ಕೂತಿದ್ದರು. ತುಟಿ ಅಷ್ಟು ಮೆತ್ತಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅವನು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡು, "ನಮ್ಮವ್ವನಂಗ ಕಾಣ್ತೀನಲ್ಲೋ" ಅಂದ. ಅವನ ಅವ್ವ, ಅಂದರೆ ನನ್ನ ಅಜ್ಜಿ, ನಾನು ಹುಟ್ಟುವ ಮೊದಲೇ ಹೋಗಿದ್ದಳು.

ಇದ್ದಲಿನ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೊರಟೆವು. ಮಾಮ ತಲೆಗೆ ರುಮಾಲು ಸುತ್ತಿ, ಮುಖದ ಅರ್ಧಕ್ಕೆ ಟವೆಲು ಬಿಗಿದು, ಕೇಳಿದವರಿಗೆಲ್ಲ "ಹಲ್ಲುನೋವು" ಅನ್ನುತ್ತಿದ್ದ. ಯುದ್ಧಕಾಲದ ಆ ಬಸ್ಸು ಏರು ಬಂದಲ್ಲೆಲ್ಲ ಉಸಿರು ಕಟ್ಟಿ ನಿಲ್ಲುತ್ತಿತ್ತು, ಕಂಡಕ್ಟರ್ ಇಳಿದು ಇದ್ದಲಿನ ಒಲೆ ತಿರುವುತ್ತ ಬಸ್ಸಿಗೆ ತೆಲುಗಿನಲ್ಲಿ ಬಯ್ಯುತ್ತಿದ್ದ. ಸಿರುಗುಪ್ಪದಲ್ಲಿ ಇಳಿದ ಮೇಲೆ ನಾನು ಸುಮ್ಮನೆ ಇರಬಹುದಾಗಿತ್ತು. ಇದ್ದೆನೇ? ಆ ಕಂಡಕ್ಟರನನ್ನೂ ಬಸ್ಸನ್ನೂ ಎರಡನ್ನೂ ಮಾಡಿ ತೋರಿಸಿದೆ. ಮಾಮ ಹೊಟ್ಟೆ ಹಿಡಿದು ನಕ್ಕ. ಟವೆಲು ಜಾರಿತು.

ಜಾರಿದ್ದು ಸರಿಯಾಗಿ ಗಂಗಜ್ಜಿಯ ಎದುರಿಗೆ. ತಾತನ ತಂಗಿ. ದೇಶನೂರಿಗೆ ಕೊಟ್ಟ ಹೆಣ್ಣು, ಸಂತೆಗೆ ಬಂದಿದ್ದಳು. ಮಾಮನ ಮುಖ ನೋಡಿದವಳೇ ಕೈಯಲ್ಲಿದ್ದ ಬದನೆಕಾಯಿ ಬುಟ್ಟಿ ಬಿಟ್ಟಳು.

"ಅಯ್ಯಯ್ಯೋ ನಮ್ಮಣ್ಣಾ! ಒಂದು ಮಾತು ಹೇಳದಂಗ ಹೋದೆಲ್ಲೋ!"

"ಅತ್ತಿ, ಅತ್ತಿ, ಏನೂ ಆಗಿಲ್ಲಬೇ, ಅಪ್ಪ ಆರಾಮ ಅದಾನ" ಅಂತ ಮಾಮ ಅವಳ ಕೈ ಹಿಡಿದ.

"ಸಮಾಧಾನ ಮಾಡಾಕ ಬರಬ್ಯಾಡ ನನ್ನಪ್ಪಾ! ನಿನ್ನ ಮುಖನ ಹೇಳಾಕತ್ತೈತಿ!"

"ಆಟಕ್ಕ ತೆಗ್ಸೀನಿ ಅತ್ತಿ, ರಾಣಿ ಪಾತ್ರ..."

"ನೋಡ್ರಬೇ, ದುಃಖಕ್ಕ ಹುಡುಗನ ತಲಿ ಕೆಟ್ಟು ಏನೇನರ ಮಾತಾಡಾಕತ್ತಾನ!"

ಸಂತೆಗೆ ಬಂದಿದ್ದ ದೇಶನೂರಿನವರೆಲ್ಲ ಕೂಡಿದರು. ನಾನು "ಅಜ್ಜಿ, ಖರೇನ ತಾತ ಅದಾನ" ಅಂದೆ. "ಹುಡುಗಗ ಇನ್ನೂ ಹೇಳಿಲ್ಲ ಪಾಪ" ಅಂತ ಯಾರೋ ನನ್ನ ತಲೆ ಸವರಿದರು. ಮರುದಿನ ನಸುಕಿಗೆ ಎರಡು ಬಂಡಿ ಕಟ್ಟಿದರು. ಮಾಮನನ್ನು ಹಿಡಿದು ನಡುವೆ, ನನ್ನನ್ನು ಅವನ ಪಕ್ಕಕ್ಕೆ ಕೂರಿಸಿಕೊಂಡರು. ದಾರಿಯುದ್ದಕ್ಕೂ ಪ್ರತಿ ಊರಿನ ಮುಂದೆ ಗಂಗಜ್ಜಿ ಹೊಸದಾಗಿ ಅಳುತ್ತಿದ್ದಳು.

ಸಂಜೆಗೆ ಕುರುಗೋಡು. ಗುಡ್ಡದ ನೆರಳು ಓಣಿಯ ಮೇಲೆ ಬಿದ್ದಿತ್ತು. ತಾತ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ಬಂಡಿಗಳು ಬಂದು ನಿಂತಾಗ ಗಾಬರಿಯಾಗಿ ಎದ್ದು, "ಯಾರು ಹೋದ್ರಬೇ?" ಅಂದ.

ಗಂಗಜ್ಜಿ ಕಣ್ಣು ಮುಚ್ಚಿಕೊಂಡೇ ಇಳಿದಳು. "ಬಂಗಾರದಂಥಾ ನಮ್ಮಣ್ಣ! ಸಿಟ್ಟೊಂದು ಬಿಟ್ರ ದೇವರಂಥಾ ನಮ್ಮಣ್ಣ!"

"ನಾನ್ಯಾವಾಗ ಸಿಟ್ಟು ಮಾಡೀನಿ?" ಅಂದ ತಾತ ಸಿಟ್ಟಿನಿಂದ.

ಅವಳು ಕಣ್ಣು ಬಿಟ್ಟಳು. ಆಮೇಲೆ ಗಂಗಜ್ಜಿ ಅಣ್ಣನ ಎದೆಗೆ ಎರಡೂ ಕೈಯಿಂದ ಗುದ್ದತೊಡಗಿದಳು. "ಜೀವ ಇತ್ತಂದ್ರ ಮೊದಲ ಒಂದು ಮಾತು ಹೇಳಿ ಕಳಸಾಕ ಆಗಲಿಲ್ಲೇನೋ ಮೂಳಾ! ಎರಡು ದಿನ ಅತ್ತೀನಿ ನಾನು!"

ಎಲ್ಲರೂ ನಕ್ಕರು. ತಾತನೂ ನಕ್ಕ. ನಗುತ್ತಲೇ ಬಂಡಿಯ ಕಡೆ ತಿರುಗಿದ, ಅಲ್ಲಿ ಮಗನ ಮುಖ ಕಂಡಿತು.

"ರುಮಾಲ ತೆಗಿ" ಅಂದ.

ಮಾಮ ತೆಗೆದ. ತಲೆಯ ತುಂಬ ಕೂದಲಿತ್ತು.

"ಮೀಸಿ ಯಾಕ ತೆಗಿಸಿದಿ?"

"ಆಟದಾಗ ರಾಣಿ ಮಾಡಾಕಪ್ಪ."

"ಕುಣಿ. ಯಾರು ಬ್ಯಾಡಂದ್ರು? ರಾಜ ಆಗಿ ಕುಣಿ, ರಕ್ಕಸ ಆಗಿ ಕುಣಿ. ನಾನೇನು ಪೀರಲ ಹಬ್ಬದಾಗ ಕುಣಿದಿಲ್ಲೇನು? ಹೆಂಗಸಾಗಾಕ ಅಪ್ಪನ್ನ ಕೊಲ್ಲಬೇಕೇನಲೇ?"

ಅಳುವುದಕ್ಕೆ ಬಂದವರೆಲ್ಲ ನೆಲ ನೋಡುತ್ತ ನಿಂತಿದ್ದರು.

"ಮೀಸಿ ಬಂದ ಮ್ಯಾಲ ಮನಿಗೆ ಬಾ" ಅಂದು ತಾತ ಮತ್ತೆ ಶೇಂಗಾದ ಮುಂದೆ ಕೂತ.

ಮಾಮ ಅಪ್ಪನ ಕಾಲು ಮುಟ್ಟಿ, ಹೊಸ್ತಿಲು ದಾಟದೆ, ನೀರೂ ಕುಡಿಯದೆ, ಅದೇ ಬಂಡಿ ಹತ್ತಿದ. ಅವನು ಆಟ ಬಿಟ್ಟುಬಿಡುತ್ತಾನೆ ಅಂತ ಎಲ್ಲರೂ ಅಂದುಕೊಂಡರು. ಅವನು ಬಿಡಲಿಲ್ಲ.

ಬಯಲಾಟದ ರಾತ್ರಿ ನಾನು ಎಂದಿನಂತೆ ನಿದ್ದೆ ಹೋದೆ. ರಾಜ ಯುದ್ಧಕ್ಕೆ ಹೋದದ್ದು, ರಕ್ಕಸ ಎರಡು ಸಲ ಸತ್ತದ್ದು, ಯಾವುದೂ ನನಗೆ ಗೊತ್ತಿಲ್ಲ. ಎಚ್ಚರವಾದಾಗ ಮೂಡಣ ಬೆಳ್ಳಗಾಗಿತ್ತು. ಗ್ಯಾಸ್‌ಲೈಟು ಸಪ್ಪಗೆ ಉರಿಯುತ್ತಿತ್ತು. ಜನ ಚಾಪೆ ಸುತ್ತಿಕೊಂಡು ಏಳುತ್ತಿದ್ದರು, ಹೊಲದ ಕೆಲಸ ಕಾದಿರುತ್ತದಲ್ಲ. ಆಗ ರಾಣಿ ಬಂದಳು.

ಅವಳು ಕುಣಿಯಲೇ ಇಲ್ಲ ಅಂತಲೂ ಹೇಳಬಹುದು. ಯುದ್ಧಕ್ಕೆ ಹೋದ ಗಂಡನ ದಾರಿ ನೋಡುತ್ತ ಏಳು ಹೆಜ್ಜೆ ಬಾಗಿಲಿಗೆ ಹೋದಳು, ಪಾದ ಎತ್ತದೆ, ನೆಲ್ಲಿನೊಳಗೆ ನಡೆದ ಹಾಗೆ. ನೋಡಿದಳು. ದುಂಡಗೆ ತಿರುಗಿ ಏಳು ಹೆಜ್ಜೆ ಒಳಗೆ ಬಂದಳು. ಮತ್ತೊಮ್ಮೆ ಹೋದಳು, ಬಂದಳು. ಮೂರನೆಯ ಸಲ ಹೋಗಲಿಲ್ಲ. ನಿಂತಲ್ಲೇ ನಿಂತಳು, ಬಲಗಾಲು ಮಾತ್ರ ಬಾಗಿಲಿನ ಕಡೆ ಹೋಗಿ, ಅಲ್ಲೇ ಒಂದಿಷ್ಟು ಹೊತ್ತು ಇದ್ದು, ತಿರುಗಿ ಬಂತು. ಗೆಜ್ಜೆ ಸದ್ದು ಮಾಡಿತೋ ಇಲ್ಲವೋ.

ಚಾಪೆ ಸುತ್ತಿದವರು ಸುತ್ತಿದ ಚಾಪೆ ಹಿಡಿದುಕೊಂಡೇ ನಿಂತಿದ್ದರು. ಸಿಳ್ಳೆ ಇಲ್ಲ, ಕೇಕೆ ಇಲ್ಲ. ಮುಂದಿನ ಸಾಲಿನಲ್ಲಿದ್ದ ಗಂಗಜ್ಜಿ, ಮೂರು ದಿನದ ಹಿಂದೆ ಖರ್ಚಾಗಿ ಮುಗಿದಿದ್ದ ಕಣ್ಣೀರನ್ನು ಮತ್ತೆ ಎಲ್ಲಿಂದಲೋ ತಂದಿದ್ದಳು. ಹೊತ್ತು ಮೂಡಿತು. ಮುಖದ ಮೇಲೆ ಬಿಸಿಲು ಬಿದ್ದು ಅರದಾಳ ಹೊಳೆಯಿತು. ನನಗೆ ಆಗ ಹದಿನೈದು ವರ್ಷ. ಅಷ್ಟು ಚೆಂದದ್ದನ್ನು ಅಲ್ಲಿಯತನಕ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಕತೆ ಇಲ್ಲಿಗೆ ನಿಂತಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ.

ಎರಡು ದಿನ ಕಳೆದ ಮೇಲೆ ಗಿರಣಿಯಲ್ಲಿ ಊಟದ ಹೊತ್ತು. ಹಮಾಲಿಗಳು ಕೂತಿದ್ದರು. ಒಬ್ಬ ಕೇಳಿದ, "ಲೇ ಪಂಪಾ, ಊರವರನ್ನೆಲ್ಲ ಮಾಡ್ತಿ. ನಿಮ್ಮ ಮಾಮನ್ನ ಮಾಡು ನೋಡೋಣ!"

ನನ್ನಂಥವನಿಗೆ ಕೂತ ಜನ ಕಂಡರೆ ಸಾಕು, ಬುದ್ಧಿ ತಾನಾಗಿ ಎದ್ದು ಹೊರಗೆ ಹೋಗುತ್ತದೆ. ಒಂದು ಖಾಲಿ ಚೀಲಕ್ಕೆ ಹೊಟ್ಟು ತುಂಬಿ ಬೆನ್ನಿಗೆ ಏರಿಸಿಕೊಂಡೆ. ಇನ್ನೊಂದು ಖಾಲಿ ಚೀಲ ತಲೆಯ ಮೇಲೆ ಸೆರಗಾಯಿತು. ಪಲ್ಲ ಭಾರದ ಹಮಾಲಿ ರಾಣಿಯ ಹೆಜ್ಜೆಯಲ್ಲಿ ಏಳು ಹೆಜ್ಜೆ ಲಾರಿಗೆ ಹೋದ, ರೆಪ್ಪೆ ಬಡಿದ, ನಿಟ್ಟುಸಿರು ಬಿಟ್ಟ, ಸೊಂಟ ತಿರುಗಿಸಿ ಏಳು ಹೆಜ್ಜೆ ಬಂದ. ಬಿದ್ದು ಬಿದ್ದು ನಕ್ಕರು. ಒಬ್ಬನಿಗೆ ರೊಟ್ಟಿ ನೆತ್ತಿಗೇರಿತು. ಎರಡು ದಿನದ ಹಿಂದೆ ಚಾಪೆ ಹಿಡಿದು ಸುಮ್ಮನೆ ನಿಂತವರು ಇವರೇ. ಆ ಸುಮ್ಮನಿದ್ದದ್ದು ಅವರಿಗೆಲ್ಲ ಎಲ್ಲೋ ಚುಚ್ಚುತ್ತಿತ್ತೇನೋ, ನಾನು ಮುಳ್ಳು ತೆಗೆದುಕೊಟ್ಟ ಹಾಗಾಯಿತು.

ತಿರುಗಿದಾಗ ಹಿಂದೆ ಮಾಮ ನಿಂತಿದ್ದ. ಅವನ ಬೆನ್ನ ಮೇಲೂ ಚೀಲವಿತ್ತು, ನಿಜವಾದದ್ದು. ಅವನೂ ನಕ್ಕ. "ಚೊಲೋ ಮಾಡ್ತಿ ಬಿಡು" ಅಂದು ಹಲಗೆ ಹತ್ತಿದ.

ಅಂದಿನಿಂದ ಅವನು ಚೀಲ ಹೊತ್ತು ಬಂದಾಗೆಲ್ಲ ಯಾರಾದರೊಬ್ಬರು "ರಾಣಿ ಬಂದ್ಲು, ದಾರಿ ಬಿಡ್ರಲೇ!" ಅನ್ನುತ್ತಿದ್ದರು. ಅವನು ಪ್ರತಿ ಸಲವೂ ನಗುತ್ತಿದ್ದ. ಮೂರು ತಿಂಗಳಿಗೆ ಮೀಸೆ ಬಂತು. ಕುರುಗೋಡಿಗೆ ಹೋದ, ತಾತ "ಬಾ" ಅಂದ, ಅಷ್ಟೇ. ಆ ಮೂರು ತಿಂಗಳಲ್ಲಿ ಎರಡು ಸಲ ಅವನು ಕುರುಗೋಡಿನ ತನಕ ಹೋಗಿ, ಓಣಿಯ ತುದಿಯಿಂದ ಮನೆಯ ಬಾಗಿಲು ನೋಡಿ, ಹಾಗೇ ತಿರುಗಿ ಬಂದಿದ್ದನಂತೆ. ಇದನ್ನು ನಮ್ಮಮ್ಮ ಆಮೇಲೆ ಹೇಳಿದ್ದು. ಮುಂದಿನ ವರ್ಷ ಮಾಸ್ತರರು ಬಂದು ಕರೆದಾಗ, "ಮಂಡಿ ನೋವು ಮಾಸ್ತರ್ರ" ಅಂದ. ಪಲ್ಲದ ಚೀಲ ಹೊರುವವನಿಗೆ ಮಂಡಿ ನೋವು! ತಾತನ ಸಿಟ್ಟಿಗೆ ನಿಲ್ಲದಿದ್ದ ಆಟ ನನ್ನ ಹದಿನಾಲ್ಕು ಹೆಜ್ಜೆಗೆ ನಿಂತುಹೋಯಿತು.

ರಜೆಗೆ ಹೋದಾಗೆಲ್ಲ ಕಣದ ಗೋಡೆಯ ಮೇಲೆ ಕೂತು ನೋಡುತ್ತಿದ್ದೆ. ಮಾಮನ ಗೆರೆಯೂ ಈಗ ತುದಿಯಲ್ಲಿ ಎಲ್ಲರ ಹಾಗೆ ಮೂಲೆಯಾಗಿ ಮುರಿಯುತ್ತಿತ್ತು. ಯಾರದು ಯಾವುದು ಅಂತ ನನಗೆ ಗುರುತು ಹತ್ತುತ್ತಿರಲಿಲ್ಲ. "ಮಾಮ, ಒಂದೇ ಒಂದು ಸಲ" ಅನ್ನುತ್ತಿದ್ದೆ. ಅವನು ಮೀಸೆ ತೋರಿಸಿ, "ಇದು ಐತಲ್ಲೋ" ಅನ್ನುತ್ತಿದ್ದ. ನಾನು ಮಾಡಿದ್ದಕ್ಕೆ ತಪ್ಪಾಯಿತು ಅನ್ನಬೇಕು ಅಂತ ಪ್ರತಿ ಸಲವೂ ಹೋಗುತ್ತಿದ್ದೆ, ಪ್ರತಿ ಸಲವೂ ಹೆಡ್ ಮಾಸ್ತರರನ್ನೋ ಬಸ್ ಕಂಡಕ್ಟರನನ್ನೋ ಮಾಡಿ ತೋರಿಸಿ ನಗಿಸಿ ಬರುತ್ತಿದ್ದೆ. ತಪ್ಪಾಯಿತು ಅನ್ನುವವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತಿತ್ತು. ಮಾಡಿದರೆ ಅದೂ ನಕಲಿನ ಹಾಗೆಯೇ ಕಂಡೀತು ಅನ್ನುವ ಹೆದರಿಕೆ.

ಆ ಹೆದರಿಕೆ ಸುಳ್ಳಲ್ಲ ಅಂತ ಹೋದ ವರ್ಷ ತಿಳಿಯಿತು. ತಾತ ನಿಜವಾಗಿಯೂ ಹೋದ. ದೇಶನೂರಿಗೆ ಸುದ್ದಿ ಮುಟ್ಟಿಸಲು ನನ್ನನ್ನೇ ಕಳಿಸಿದರು. ಸೈಕಲ್ಲಿನಲ್ಲಿ ಹೋದೆ. ಗಂಗಜ್ಜಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಹೇಳಿದೆ. ಹೇಳುತ್ತ ಅತ್ತುಬಿಟ್ಟೆ.

ಅವಳು ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು. "ಹೋಗಲೇ! ಈ ಸಲ ಯಾವ ಆಟಕ್ಕ?"

"ಖರೇನ ಅಜ್ಜಿ."

"ಅಳೋದು ಭೇಷ್ ಕಲ್ತಿ ನೋಡು! ಥೇಟ್ ನಿಮ್ಮವ್ವನಂಗ."

ಅವಳನ್ನು ನಂಬಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಕುರುಗೋಡು ಮುಟ್ಟಿದಾಗ ಎಲ್ಲ ಮುಗಿದು, ಜನ ಕೈಕಾಲು ತೊಳೆಯುತ್ತಿದ್ದರು. ಅಣ್ಣನ ಮುಖ ಅವಳಿಗೆ ಸಿಗಲಿಲ್ಲ. ನಾನು ಅವಳ ಕಾಲ ಹತ್ತಿರ ಕೂತೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಹೋಗಲಿ ಬಿಡೋ. ನನ್ನ ಅಳು ಅವನು ಜೀವ ಇದ್ದಾಗನ ಕೇಳ್ಕೊಂಡಾನ" ಅಂದಳು.

ಕರ್ಮ ಎಲ್ಲ ಮುಗಿದು ಮಾಮ ಗಿರಣಿಗೆ ಹೋದ. ನಾನೂ ಒಂದು ದಿನ ರಜೆ ಹಾಕಿ ಸಿರುಗುಪ್ಪಕ್ಕೆ ಹೋದೆ. ಯಾಕೆ ಹೋದೆ ಅಂತ ಕೇಳಿದರೆ ಹೇಳಲು ನಾಚಿಕೆ: ಮೀಸೆ ಇಲ್ಲದ ಆ ಮುಖ ಇನ್ನೊಮ್ಮೆ ನೋಡಬೇಕಾಗಿತ್ತು. ತಲೆಯೂ ಬೋಳಾಗಿತ್ತು, ವಯಸ್ಸಾಗಿತ್ತು. ತುಟಿ ಮಾತ್ರ ಹಾಗೇ ಮೆತ್ತಗಿತ್ತು. ಹೆಂಗಸರು ಊಟಕ್ಕೆ ಹೋಗಿದ್ದರು. ಮಾಮ ಒಬ್ಬನೇ ನೆಲ್ಲು ತಿರುವುತ್ತಿದ್ದ. ಆ ಮುಖ ನೋಡಿ ಈಗ ಗಿರಣಿಯಲ್ಲಿ ಯಾರೂ ನಗುವಂತಿರಲಿಲ್ಲ.

ನನ್ನನ್ನು ನೋಡಿ ನಿಂತ. "ಬಾ. ಅವತ್ತು ಚೀಲ ಹೊತ್ಕೊಂಡು ಮಾಡಿದೆಲ್ಲ, ಅದನ್ನ ಮಾಡು."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಬ್ಯಾಡ ಮಾಮ. ಅವತ್ತು ನಂದು ತಪ್ಪಾತು."

ಆರು ವರ್ಷ ಹೊರಗೆ ಬಾರದ ಮಾತು, ಬಂತು. ಅವನು ಅದನ್ನು ಎತ್ತಿಕೊಳ್ಳಲೇ ಇಲ್ಲ, ಬಿದ್ದ ಕಾಳಿನ ಹಾಗೆ ಬಿಟ್ಟುಬಿಟ್ಟ.

"ಊರೆಲ್ಲ ನನ್ನ ಕುಣಿತ ನೋಡೈತೋ. ನಾ ನೋಡಿಲ್ಲ. ನೀ ಮಾಡಿದ್ರ ನಾ ನೋಡ್ತೀನಿ."

ನಾನು ಚಪ್ಪಲಿ ಬಿಟ್ಟು ಬಿಸಿ ನೆಲ್ಲಿನೊಳಗೆ ಇಳಿದೆ. ಚೀಲವಿಲ್ಲ, ನಗುವವರಿಲ್ಲ. ಏಳು ಹೆಜ್ಜೆ ಹೋದೆ, ನೋಡಿದೆ, ತಿರುಗಿದೆ, ಬಂದೆ. ಮತ್ತೊಮ್ಮೆ. ಮೂರನೆಯ ಸಲ ನಿಂತು ಬಲಗಾಲು ಕಳಿಸಿದೆ.

"ಊಹೂಂ" ಅಂದ ಮಾಮ. "ಕಾಲಿನ ಸಂಗಾಟ ನೀನೂ ಹೊಂಟಿ. ಕಾಲಷ್ಟ ಹೋಗಬೇಕು."

"ಹೆಂಗ ಮಾಮ?"

"ಒಳಗ ಕರಿಯಾಂಗಿಲ್ಲ ಅಂತ ಗೊತ್ತಿರೋ ಮನಿ ಬಾಗಿಲಿಗೆ ಹೆಂಗ ಹೋಗ್ತಿ? ಹಂಗ."

ಹತ್ತು ಸಲ ಮಾಡಿದೆ. ಹತ್ತು ಸಲವೂ ಊಹೂಂ. "ನೀನ ತೋರಸು" ಅಂದೆ. "ಇನ್ನೂ ವರ್ಷ ತುಂಬಿಲ್ಲೋ" ಅಂದ. ಅಪ್ಪ ಹೋದ ವರ್ಷ ಹಬ್ಬವಿಲ್ಲ, ಕುಣಿತ ಎಲ್ಲಿಯದು? ವರ್ಷ ತುಂಬುವಷ್ಟರಲ್ಲಿ ಮೀಸೆ ಬಂದಿರುತ್ತದೆ, ಅದು ನನಗೂ ಗೊತ್ತು, ಅವನಿಗೂ ಗೊತ್ತು. ನಾನು ಬಸ್ಸಿಗೆ ಹೊರಟೆ. ಅವನು ಮತ್ತೆ ನೆಲ್ಲಿಗೆ ಇಳಿದ. ಗೇಟಿನ ಹತ್ತಿರ ತಿರುಗಿ ನೋಡಿದಾಗ ಕಣದ ಆ ತುದಿಯಲ್ಲಿ, ಮೂಲೆಯಾಗಿ ಮುರಿದ ಗೆರೆಗಳ ನಡುವೆ, ಒಂದೇ ಒಂದು ಅರ್ಧಚಂದ್ರ ಇತ್ತು. ನನ್ನ ಕಾಲಿನದಲ್ಲ ಅದು. ನಾನು ಅಷ್ಟು ದೂರ ಹೋಗಿರಲಿಲ್ಲ.

ಮೊನ್ನೆ ಮಾಸ್ತರರು ಹೇಳಿ ಕಳಿಸಿದ್ದಾರೆ: ಈ ವರ್ಷ ರಾಣಿ ಇಲ್ಲ, ತಿಮ್ಮಣ್ಣ ನಿನ್ನ ಹೆಸರು ಹೇಳ್ಯಾನ, ಬರ್ತೀಯೇನು? ಕಲಿಸುವವನು ಅವನೇ ಅಂತೆ. ಮಂಡಿ ನೋವಿದ್ದವನು ಕೂತು ಕಲಿಸುತ್ತಾನಂತೆ. ಕಚೇರಿಯಲ್ಲಿ ನನ್ನನ್ನು ಇನ್ನು ಹೇಗೆ ಕರೆಯುತ್ತಾರೆ ಅಂತ ನನಗೆ ಗೊತ್ತು. ಯಾವ ಧಾಟಿಯಲ್ಲಿ ಕರೆಯುತ್ತಾರೆ ಅನ್ನುವುದನ್ನೂ ಈಗಲೇ ಮಾಡಿ ತೋರಿಸಬಲ್ಲೆ. ಕರೆಯಲಿ.

"ಸಾಮಿ, ನೊರಿ ಒಣಗಾಕತ್ತೈತಿ" ಅಂದ ವೆಂಕಟಸಾಮಿ. "ಇಡ್ಲಾ, ತೆಗೀಲಾ?"

"ತೆಗಿಯಪ್ಪ."

ಅವನು ಕತ್ತಿ ಎತ್ತಿದವನು ತಡೆದ. ನಮ್ಮ ಕಡೆಯ ಪದ್ಧತಿ ಅವನಪ್ಪನ ಕಾಲದಿಂದ ಅವನಿಗೆ ಗೊತ್ತು. "ಅಪ್ಪಾರು ಆರಾಮ ಅದಾರಲ್ಲ?"

"ಅದಾರ. ಬೆಳಿಗ್ಗಿ ನಾಕು ಇಡ್ಲಿ ತಿಂದಾರ. ದೇಶನೂರಿಗೆ ನಿನ್ನೆನ ಕಾರ್ಡು ಹಾಕೀನಿ, ನಮ್ಮಪ್ಪ ಬದುಕ್ಯಾನ, ಯಾರೂ ಬಂಡಿ ಕಟ್ಟಬ್ಯಾಡ್ರಿ ಅಂತ."

ವೆಂಕಟಸಾಮಿಗೆ ಏನೂ ತಿಳಿಯಲಿಲ್ಲ. ಕತ್ತಿ ಎಳೆದ. ಎಡಗಡೆಯ ಹನ್ನೊಂದು ಹೋದವು. ಕನ್ನಡಿಯಲ್ಲಿ ಮಾಮನ ಆ ಮುಖ ಎಲ್ಲಾದರೂ ಸಿಕ್ಕೀತೇನೋ ಅಂತ ಹುಡುಕಿದೆ. ಪುಕ್ಕ ಕಿತ್ತ ಕೋಳಿಯೊಂದು ನನ್ನನ್ನೇ ನೋಡುತ್ತಿತ್ತು. ಅವನು ನನ್ನ ಗದ್ದ ಹಿಡಿದು ಬಲಗಡೆಗೆ ತಿರುಗಿಸಿದ, ಮತ್ತೆ ನಿಂತ.

"ಸಾಮಿ, ಕಾಲು ಅಲ್ಲಾಡಿಸಬ್ಯಾಡ್ರಿ. ತುಟಿ ಕೊಯ್ದೀತು."

ನಾನು ಬಗ್ಗಿ ನೋಡಿದೆ. ಬಿಳಿ ಬಟ್ಟೆಯ ಕೆಳಗಿನಿಂದ ನನ್ನ ಬಲಗಾಲು, ನನ್ನನ್ನು ಒಂದು ಮಾತೂ ಕೇಳದೆ, ಅಂಗಡಿಯ ಬಾಗಿಲಿನ ಕಡೆ ಹೋಗಿ ನಿಂತಿತ್ತು.